ಗ್ಯಾರೇಜಿನಿಂದ ಡರ್ಬಿಶೈರಿಗೆ

ನಮ್ಮ ಪಕ್ಕದ ಮನೆಯ ರಘೋತ್ತಮ ಇಂಗ್ಲೆಂಡಿನಲ್ಲಿ ಸೈಕಲ್ ಯಾತ್ರೆ ಮಾಡಿದ್ದು ನಿಜ. ಆ ಯಾತ್ರೆಯಲ್ಲಿ ಅವನು ಅಮೆರಿಕದ ಫಾಸ್ಟರ್ ಸಿಟಿಯಲ್ಲಿರುವ ತನ್ನ ಮನೆಯ ಗ್ಯಾರೇಜು ದಾಟಲಿಲ್ಲ ಎಂಬುದೂ ಅಷ್ಟೇ ನಿಜ. ನಂಬದವರು ಅವನ ಹೆಂಡತಿ ಊರ್ಮಿಳೆಯನ್ನು ಕೇಳಬಹುದು. ಆದರೆ ಸೈಕಲ್ ಎಂಬ ಶಬ್ದ ಎತ್ತದೆ ಕೇಳುವುದು ಕ್ಷೇಮ.

ನಮ್ಮ ಸಾಲಿನ ಮನೆಗಳಲ್ಲಿ ಯಾರೂ ಗ್ಯಾರೇಜಿನಲ್ಲಿ ಕಾರು ಇಡುವುದಿಲ್ಲ. ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತದೆ. ಒಳಗೆ ಸೋನಾ ಮಸೂರಿ ಮೂಟೆ, ಗಣಪತಿ ಹಬ್ಬದ ಥರ್ಮಾಕೋಲ್ ಮಂಟಪ, ಮಕ್ಕಳು ಕಲಿಯದೆ ಬಿಟ್ಟ ಪಿಯಾನೋ ನೆರಳಲ್ಲಿರುತ್ತವೆ. ಇವುಗಳ ನಡುವೆ ಜಾಗ ಮಾಡಿ ರಘೋತ್ತಮ ಒಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದಿದ್ದ. ಎದುರಿಗೆ ಹಳೆಯ ಟಿ.ವಿ., ಪಕ್ಕಕ್ಕೆ ಗಾಳಿಯ ಲೆಕ್ಕಕ್ಕೆ ಒಂದು ಟೇಬಲ್ ಫ್ಯಾನು. ಯಾರೋ ಪುಣ್ಯಾತ್ಮ ಡರ್ಬಿಶೈರಿನ ಸೈಕಲ್ ದಾರಿಯಲ್ಲಿ ಹೋಗುತ್ತಾ ತೆಗೆದ ವಿಡಿಯೋ ಟಿ.ವಿ.ಯಲ್ಲಿ ಓಡುತ್ತದೆ. ಇವನು ತುಳಿದರೆ ದಾರಿ ಮುಂದಕ್ಕೆ ಹೋಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ, ಏರು ಬಂದರೆ ಪೆಡಲು ಬಿಗಿಯುತ್ತದೆ.

ಅದು ಹಳೆಯ ರೈಲು ಹಳಿ ಕಿತ್ತು ಮಾಡಿದ ದಾರಿ. ಕಾರು, ಲಾರಿ, ಬಸ್ಸು ಒಂದೂ ಇಲ್ಲ. ಎದುರಿಗೆ ಕಾರು ಕಂಡರೆ ರಘೋತ್ತಮನಿಗೆ ಬ್ರೇಕು ಎಲ್ಲಿದೆ ಎಂಬುದೇ ಮರೆತುಹೋಗುತ್ತದಾದ್ದರಿಂದ ಅವನಿಗೆ ಹೇಳಿ ಮಾಡಿಸಿದ ದಾರಿ. ಎರಡೂ ಕಡೆ ಹಸಿರು ಗುಡ್ಡಗಳು ಏರುತ್ತವೆ, ಇಳಿಯುತ್ತವೆ. ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ರೈಲೇ ಇಲ್ಲದ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಟೀ ಅಂಗಡಿ. ಆಮೇಲೆ ಒಂದು ಕಲ್ಲಿನ ಸೇತುವೆ, ಅದರಾಚೆ ಒಂದು ಸುರಂಗ. ಸುರಂಗದ ಬಾಯಿಗೆ ವಿಡಿಯೋ ಮುಗಿದುಹೋಗುತ್ತದೆ. ಆಚೆ ಏನಿದೆಯೋ ಎಂದು ರಘೋತ್ತಮ ದಿನಾ ಒಂದು ನಿಮಿಷ ಕಪ್ಪು ಪರದೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ.

“ರೀ, ಮನೆ ಎದುರಿಗೇ ಲಗೂನ್ ನೀರಿನ ಪಕ್ಕ ಸೈಕಲ್ ಟ್ರೇಲ್ ಇದೆ. ಅಲ್ಲೂ ಕಾರಿಲ್ಲ. ಅದು ಬಿಟ್ಟು ಇಲ್ಲಿ ಅಕ್ಕಿ ಮೂಟೆ ಮುಂದೆ ಯಾಕ್ರೀ ತುಳೀತೀರಾ?” ಎಂದು ಊರ್ಮಿಳೆ ಕೇಳುತ್ತಿದ್ದಳು.

“ಆ ಟ್ರೇಲು ಸುತ್ತಿ ಸುತ್ತಿ ಮನೆಗೇ ಬರುತ್ತೆ ಕಣೆ.”

“ಮನೆಗೆ ಬರದೆ ಇನ್ನೆಲ್ಲಿಗೆ ಹೋಗ್ಬೇಕು ನಿಮಗೆ?”

ಇದಕ್ಕೆ ಅವನು ಅವಳಿಗೆ ಉತ್ತರ ಕೊಡಲಿಲ್ಲ. ನನಗೆ ಕೊಟ್ಟ. “ಅನಂತು, ಒಂದು ಊರಿಂದ ಹೊರಡಬೇಕು, ಇನ್ನೊಂದು ಊರು ಸೇರಬೇಕು. ಅಲ್ಲಿ ಯಾರದೋ ಅಂಗಡೀಲಿ ಟೀ ಕುಡೀಬೇಕು. ಅಷ್ಟೇ ಕಣೋ ಆಸೆ,” ಅಂದ.

ಅಷ್ಟೇ ಆಸೆ. ಆದರೆ ಈಡೇರುವಂತಿರಲಿಲ್ಲ. ಅಮೆರಿಕದಲ್ಲಿ ಕಾಯಂ ಉಳಿಯಲು ಬೇಕಾದ ಗ್ರೀನ್ ಕಾರ್ಡಿನ ಸರದಿಯಲ್ಲಿ ಅವನು ನಿಂತಾಗ ಮಗಳು ಮಾನ್ಯಾ ಡೇಕೇರಿನಲ್ಲಿದ್ದಳು, ಈಗ ಹೈಸ್ಕೂಲು. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುದ್ರೆಯ ಅವಧಿ ಎಂದೋ ಮುಗಿದಿದೆ. ಇಲ್ಲೇ ಇದ್ದರೆ ತೊಂದರೆಯಿಲ್ಲ. ಹೊರಗೆ ಹೋದರೆ ಒಳಗೆ ಬರಲು ಹೊಸ ಮುದ್ರೆ ಬೇಕು, ಅದಕ್ಕೆ ಸಂದರ್ಶನ ಬೇಕು, ಅದರ ದಿನಾಂಕ ಯಾವಾಗ ಸಿಗುತ್ತದೆಂದು ಯಾರಿಗೂ ಗೊತ್ತಿಲ್ಲ. ಹಾಗೆ ಹೋಗಿ ತಿಂಗಳುಗಟ್ಟಲೆ ಆಚೆಯೇ ಉಳಿದವರ ಕಥೆಗಳನ್ನು ನಾವೆಲ್ಲ ಭೂತದ ಕಥೆಗಳಂತೆ ಕೇಳಿದ್ದೇವೆ. ಹೀಗಾಗಿ ರಘೋತ್ತಮ ಎಲ್ಲಿಗೂ ಹೋಗುತ್ತಿರಲಿಲ್ಲ, ಗ್ಯಾರೇಜಿಗೆ ಹೋಗುತ್ತಿದ್ದ.

ಅನಾಹುತ ಶುರುವಾದದ್ದು ಗುರುಕಿರಣನ ಮನೆಯಲ್ಲಿ. ಗುರುಕಿರಣ ರಘೋತ್ತಮನ ಆ ಬದಿಯ ನೆರೆಯವನು, ಹುಬ್ಬಳ್ಳಿಯವನು. ಅವನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ನಾವು ಗಂಡಸರೆಲ್ಲ ಕೈಯಲ್ಲಿ ತಟ್ಟೆ ಹಿಡಿದು ಹಿತ್ತಲಲ್ಲಿ ನಿಂತು ರಜೆಯ ಮಾತಾಡುತ್ತಿದ್ದೆವು. ಒಬ್ಬರದು ಐಸ್‌ಲ್ಯಾಂಡು, ಒಬ್ಬರದು ಪೆರು. ನಮ್ಮ ಕನ್ನಡ ಕೂಟದ ಹಿರಿಯ ದೇವೇಂದ್ರಪ್ಪನವರದು ನಾರ್ವೆ. ಅಲ್ಲಿ ಆಕಾಶದಲ್ಲಿ ಹಸಿರು ಬೆಳಕು ಕಂಡದ್ದನ್ನು ಅವರು ತಟ್ಟೆಯನ್ನೇ ಆಡಿಸಿ ತೋರಿಸಿದಾಗ ಸಾರು ನನ್ನ ಅಂಗಿಗೆ ಬಿತ್ತು.

“ರಘೋತ್ತಮ ಅವರ, ನಿಮ್ದು ಎಲ್ಲಿಗ್ರೀ ಈ ಸರ್ತಿ? ಮತ್ತ ಟಾಹೋನ ಏನು?” ಎಂದರು ದೇವೇಂದ್ರಪ್ಪ.

ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆಯೇ. ಪ್ರತಿ ವರ್ಷ ಇವನು ‘ಟಾಹೋ’ ಎಂದು, ಕಾರಿನಲ್ಲೇ ಹೋಗಿಬರುವ ಸರೋವರದ ಹೆಸರು ಹೇಳಿ ಹಪ್ಪಳ ಮುರಿಯುತ್ತಿದ್ದ. ಈ ಸಲ ಏನಾಯಿತೋ, ಹಪ್ಪಳ ಕೆಳಗಿಟ್ಟ.

“ಈ ಸಲ ನಂದು ಇಂಗ್ಲೆಂಡು. ಡರ್ಬಿಶೈರಲ್ಲಿ ಸೈಕಲ್ ಟೂರು,” ಅಂದ.

ಮುಂದಿನ ಮಾತು ‘ಅಂದ್ರೆ, ಗ್ಯಾರೇಜಲ್ಲಿ’ ಎಂದಿತ್ತಂತೆ. ಎಲ್ಲರೂ ನಗಲಿ ಎಂದೇ ಶುರುಮಾಡಿದನಂತೆ. ಆದರೆ ಯಾರೂ ನಗಲಿಲ್ಲ.

“ದೇಶ ಬಿಟ್ಟು ಹೊಂಟೀರಿ? ಸೈಕಲ್ ಹೊಡಿಯಾಕ?” ದೇವೇಂದ್ರಪ್ಪನವರ ಕಣ್ಣು ಅಗಲವಾದವು. “ಹಂಗಾರ ಬಂತು!”

“ಏನು ಬಂತು?”

“ಏನಂದ್ರ! ಕಾರ್ಡು ಬಂತು! ನಮ್ಮ ಮುಂದ ಮುಚ್ಚಿಡ್ತೀರೇನ್ರೀ?”

ಬೇರೆ ಯಾವ ಜನಕ್ಕೂ ಇಂಥ ತರ್ಕ ಹೊಳೆಯಲಾರದು. ಸೈಕಲ್ ತುಳಿಯಲು ಇಂಗ್ಲೆಂಡಿಗೆ ಹೋಗುತ್ತೇನೆಂದರೆ ಪಕ್ಕದ ಅಮೆರಿಕನ್ ಮುದುಕ ಟೈರಿನ ಬಗ್ಗೆ ಕೇಳುತ್ತಾನೆ. ನಮ್ಮವರು ಗ್ರೀನ್ ಕಾರ್ಡು ಬಂತೆಂದು ಹಾರ ಹಾಕುತ್ತಾರೆ. ರಘೋತ್ತಮ ಅಲ್ಲಗಳೆಯಲು ಬಾಯಿ ತೆರೆದ. ತೆರೆದ ಬಾಯಿಗೆ ದೇವೇಂದ್ರಪ್ಪ ಹೋಳಿಗೆ ತುರುಕಿದರು. ಅದನ್ನು ನುಂಗುವಷ್ಟರಲ್ಲಿ ಎಲ್ಲರೂ ಬಂದು ಅಪ್ಪಿಕೊಂಡಾಗಿತ್ತು. ಕಾರ್ಡಿನ ಅದೇ ಸರದಿಯಲ್ಲಿ ನಿಂತಿದ್ದ ಗುರುಕಿರಣ ಅಪ್ಪಿದವನು ಬಿಡಲೇ ಇಲ್ಲ. “ಸರ, ನಿಮಗ ಬಂತಂದ್ರ ನಮಗೂ ಬರತೈತ್ರಿ ಇನ್ನ,” ಎಂದಾಗ ಅವನ ಕಣ್ಣಲ್ಲಿ ನೀರಿತ್ತು. ಆ ನೀರು ನೋಡಿದ ಮೇಲೆ ಸತ್ಯ ಹೇಳುವುದು ರಘೋತ್ತಮನಿಂದ ಆಗಲಿಲ್ಲ.

“ಅದೂ ಅಲ್ಲದೆ ಅನಂತು,” ಎಂದ ಆಮೇಲೆ, ತಲೆ ತಗ್ಗಿಸಿ, “ಒಂದು ಗಳಿಗೆ ನಿಜವಾಗ್ಲೂ ಬಂದುಬಿಟ್ಟಿದೆ ಅನ್ನಿಸ್ತು ಕಣೋ. ಎಷ್ಟು ಹಗುರ ಆಗುತ್ತೆ ಗೊತ್ತಾ?”

ಒಳಗೆ ಹೆಂಗಸರ ಕಡೆ ಊರ್ಮಿಳೆಗೂ ಅಷ್ಟೇ ಅಪ್ಪುಗೆ ಬಿದ್ದಿತ್ತು. ಮನೆಗೆ ಬಂದು ಗಂಡನಿಂದ ನಿಜ ಕೇಳಿದ ಮೇಲೆ ಅವಳು ಸೀರೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಕೊನೆಗೆ, “ನಾನಂತೂ ಯಾರಿಗೂ ಬಾಯಿ ಬಿಡಲ್ಲ. ಇಂಗ್ಲೆಂಡಿಗೆ ಹೋದೋರು ನೀವು, ವಾಪಸ್ ಬರೋ ದಾರೀನೂ ನೀವೇ ನೋಡ್ಕೊಳಿ,” ಎಂದು ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಡಬ್ಬಗಳು ಬರತೊಡಗಿದವು. ನಮ್ಮಲ್ಲಿ ತಿಳಿದವರು ಪ್ರಯಾಣದ ಸುದ್ದಿಯನ್ನು ವಿಮಾನ ಹತ್ತಿದ ಮೇಲೆ ಹೇಳುವುದಕ್ಕೆ ಕಾರಣವಿದೆ. ಹೋಗುವವನ ಪೆಟ್ಟಿಗೆ ಊರಿನ ಆಸ್ತಿ. ಒಬ್ಬರು ಲಂಡನ್ನಿನ ಭಾವನಿಗೆ ಹುಳಿಪುಡಿ ತಂದರು. ಇನ್ನೊಬ್ಬರು ಮ್ಯಾಂಚೆಸ್ಟರಿನ ನಾದಿನಿಗೆ ರೇಷ್ಮೆ ಸೀರೆ ತಂದರು. “ಅವರು ಸೈಕಲ್ಲಲ್ಲಿ ಹೋಗ್ತಾರೆ,” ಎಂದು ನಾನು ಅಡ್ಡಿ ಮಾಡಿದೆ. “ಪರವಾಗಿಲ್ಲ, ಕ್ಯಾರಿಯರ್ ಇರುತ್ತಲ್ಲ,” ಎಂದರು.

ಕೊನೆಗೆ ಬಂದವರು ಬಂಗಾರೆವ್ವ, ಗುರುಕಿರಣನ ತಾಯಿ. ಅವರ ಕಥೆ ಸ್ವಲ್ಪ ಹೇಳಬೇಕು. ಆ ವರ್ಷ ಅಮೆರಿಕದಲ್ಲಿ ಅವರ ಸೊಸೆಗೂ ಇಂಗ್ಲೆಂಡಿನಲ್ಲಿ ಅವರ ಮಗಳು ಶಿವಾನಿಗೂ ಒಂದೇ ತಿಂಗಳಲ್ಲಿ ಹೆರಿಗೆ. ಇದ್ದದ್ದು ಒಬ್ಬರೇ ತಾಯಿ. ಫೋನಿನಲ್ಲಿ ಮಕ್ಕಳ ಸಭೆ ಕೂಡಿ, ಅಮೆರಿಕದ ವೀಸಾ ಮೊದಲೇ ಇದೆ ಎಂಬ ಕಾರಣಕ್ಕೆ, ತಾಯಿಯನ್ನು ಅಮೆರಿಕಕ್ಕೆ ಹಂಚಲಾಯಿತು. ಬಂಗಾರೆವ್ವ ಬಂದರು, ಮೊಮ್ಮಗನಿಗೆ ಎರೆದರು, ಸೊಸೆಯ ಬಾಣಂತನ ಒಂದೂ ಕುಂದಿಲ್ಲದೆ ಮಾಡಿದರು. ಆದರೆ ಸೊಸೆಗೆ ಒಂದು ತುತ್ತು ಇಟ್ಟಾಗಲೆಲ್ಲ ಅವರ ಕೈ ಒಂದು ಗಳಿಗೆ ತಡೆಯುತ್ತಿತ್ತು ಎಂದು ಊರ್ಮಿಳೆ ಹೇಳುತ್ತಿದ್ದಳು.

ಅವರು ಎರಡೂ ಕೈಯಲ್ಲಿ ಒಂದು ಸ್ಟೀಲ್ ಡಬ್ಬ ಹಿಡಿದು ಬಂದಿದ್ದರು. “ತಮ್ಮಾ, ಅಂಟಿನ ಉಂಡಿ ಅದಾವ. ನನ್ನ ಮಗಳು ಡರ್ಬಿಶೈರ್‌ನಾಗ ಇರತಾಳ. ಆಕಿ ಗಂಡ ಅಲ್ಲಿ ಡಾಕ್ಟರು. ಬಾಣಂತಿ ಅದಾಳ, ಮಾಡಿ ಹಾಕವ್ರು ಯಾರೂ ಇಲ್ಲ.”

“ಅಮ್ಮಾ, ಅದು ನಿಜವಾದ…” ಎಂದ ರಘೋತ್ತಮ.

“ನಿಜವಾದ ಅಂಟ ತಮ್ಮಾ. ಹುಬ್ಬಳ್ಳಿಂದ ತಂದೀನಿ. ಉತ್ತತ್ತಿ, ಒಣಕೊಬ್ಬರಿ, ಎಲ್ಲಾ ಊರಾಂದ.”

“ಅದಲ್ಲಮ್ಮಾ, ಮಗಳ ಮನೆ ಎಲ್ಲಿ ಅಂತ ನನಗೆ…”

“ಬಾಳ ಸಸಾರ. ಆಕಿ ಅಡಿಗಿಮನಿ ಕಿಟಕ್ಯಾಗಿಂದ ಒಂದು ಕಲ್ಲಿನ ಸೇತುವಿ ಕಾಣತೈತಂತ. ಅದರ ಮ್ಯಾಲ ಬರೇ ಸೈಕಲ್ ಮಂದಿ ಹೋಗತಾರಂತ. ಆಚೀಗೆ ಒಂದು ಸುರಂಗ ಐತಂತ.”

ರಘೋತ್ತಮ ಬೆವರಿದ. ಆ ಸೇತುವೆಯನ್ನು ಅವನು ದಿನಾ ಬೆಳಿಗ್ಗೆ ದಾಟುತ್ತಿದ್ದ. ಅದರ ಕೆಳಗಿನ ಇಟ್ಟಿಗೆ ಮನೆಗಳ ಸಾಲು ಅವನಿಗೆ ನಮ್ಮ ಸಾಲಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಡಬ್ಬ ತೆಗೆದುಕೊಂಡ.

ಹೊರಡುವ ದಿನ ದೇವೇಂದ್ರಪ್ಪನವರು ತಾವೇ ಏರ್‌ಪೋರ್ಟಿಗೆ ಬಿಡುತ್ತೇನೆಂದು ಹಟ ಹಿಡಿದರು. ಬಿಟ್ಟರು. ಕೈ ಬೀಸಿದರು, ಇವನು ಒಳಗೆ ಹೋಗುವವರೆಗೂ ನಿಂತರು. ಡಿಪಾರ್ಚರಿನಲ್ಲಿ ಇಳಿದವನನ್ನು ಅರೈವಲಿನಲ್ಲಿ ಹತ್ತಿಸಿಕೊಂಡು ಬಂದವನು ನಾನು. ಕಾರಿನಲ್ಲಿ ಕೂತು ಅವನು ಕಿಟಕಿಯಾಚೆ ಏಳುತ್ತಿದ್ದ ವಿಮಾನಗಳನ್ನು ನೋಡಿದ. “ಒಳಗೆ ಲೈನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ ಕಣೋ. ಸುಮ್ಮನೆ,” ಅಂದ. ನನಗೆ ನಗು ಬರಲಿಲ್ಲ.

ಆಮೇಲೆ ರಘೋತ್ತಮನ ಗ್ಯಾರೇಜ್ ವಾಸ. ಆಫೀಸಿನ ಮೀಟಿಂಗುಗಳೂ ಅಲ್ಲೇ, ಊಟವೂ ಅಲ್ಲೇ. ಟಿ.ವಿ.ಯ ಚಿತ್ರ ತೆಗೆದು ಕೂಟದ ವಾಟ್ಸಾಪಿಗೆ ಹಾಕುತ್ತಿದ್ದ. ಕುರಿಗಳಿಗೆ ಎಲ್ಲರೂ ಹೃದಯದ ಗುರುತು ಒತ್ತುತ್ತಿದ್ದರು. ಮಾನ್ಯಾ ಊಟದ ತಟ್ಟೆ ಇಟ್ಟು, “ಡ್ಯಾಡ್, ವೆನ್ ಆರ್ ಯೂ ಕಮಿಂಗ್ ಬ್ಯಾಕ್ ಫ್ರಮ್ ಇಂಗ್ಲೆಂಡ್? ಐ ನೀಡ್ ಎ ರೈಡ್ ಟು ಸಾಕರ್,” ಎನ್ನುತ್ತಿದ್ದಳು.

ಹುಳಿಪುಡಿ, ಸೀರೆಗಳನ್ನು ಕೊರಿಯರ್ ಮಾಡಿ ಕೈತೊಳೆದುಕೊಂಡ. ಅಂಟಿನುಂಡೆಯನ್ನು ಮಾತ್ರ ಕೊರಿಯರ್ ಅಂಗಡಿಯವನು ಮುಟ್ಟಲಿಲ್ಲ. ಮನೆಯಲ್ಲಿ ಮಾಡಿದ ತಿನಿಸು ಒಯ್ಯುವುದಿಲ್ಲವಂತೆ. ಡಬ್ಬ ಸೈಕಲ್ ಪಕ್ಕದ ಪಿಯಾನೋ ಮೇಲೆ ಕೂತಿತು. ಏರು ತುಳಿದು ಸುಸ್ತಾದ ಮನುಷ್ಯ, ಪಕ್ಕದಲ್ಲಿ ತುಪ್ಪದ ಘಮ. ಒಂದು ಉಂಡೆ ತಿಂದ. ಮರುದಿನ ಸೇತುವೆಯ ಹತ್ತಿರ ಇನ್ನೊಂದು. ಅಲ್ಲಿಂದ ಲೆಕ್ಕ ತಪ್ಪಿತು.

ಇದು ಬಯಲಾದದ್ದು ಒಂದು ಬೆಳಿಗ್ಗೆ. ನಾನು ಕಾಫಿ ಲೋಟ ಹಿಡಿದು ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಸ್ಕೂಲಿಗೆ ಹೊರಟ ಮಾನ್ಯಾ ತನ್ನ ಸೈಕಲ್ ತೆಗೆಯಲು ಹೊರಗಿನಿಂದ ಗ್ಯಾರೇಜಿನ ಗುಂಡಿ ಒತ್ತಿದಳು. ಆ ಬಾಗಿಲು ಒಮ್ಮೆಗೇ ತೆರೆದಿದ್ದರೆ ಮರ್ಯಾದೆ ಒಮ್ಮೆಗೇ ಹೋಗುತ್ತಿತ್ತು. ಆದರೆ ಅದು ಕಿರ್ರೆನ್ನುತ್ತಾ ನಿಧಾನವಾಗಿ ಏರಿತು. ಬೀದಿಗೆ ಮೊದಲು ರಘೋತ್ತಮನ ತಿರುಗುತ್ತಿದ್ದ ಕಾಲು ಕಂಡಿತು, ಆಮೇಲೆ ಪಂಚೆ, ಆಮೇಲೆ ಹೊಟ್ಟೆ, ಆಮೇಲೆ ಉಂಡೆ ಹಿಡಿದ ಕೈ, ಕಟ್ಟಕಡೆಗೆ ಹೆಲ್ಮೆಟ್ಟು ಹಾಕಿದ ತಲೆ. ಹೊರಗೆ ಎಳೆಬಿಸಿಲಿಗೆ ಮೊಮ್ಮಗನ ಸ್ಟ್ರೋಲರ್ ಗಾಡಿ ತಳ್ಳಿಕೊಂಡು ಬಂಗಾರೆವ್ವ ನಿಂತಿದ್ದರು.

“ದಿಸ್ ಈಸ್ ಸೋ ಎಂಬ್ಯಾರಸಿಂಗ್,” ಎಂದು ಮಾನ್ಯಾ ತನ್ನ ಸೈಕಲ್ ತೆಗೆದುಕೊಂಡು ಓಡಿದಳು.

ಬಂಗಾರೆವ್ವ ಒಳಗೆ ಬಂದರು. ಟಿ.ವಿ. ನೋಡಿದರು, ಫ್ಯಾನು ನೋಡಿದರು, ಡಬ್ಬ ಎತ್ತಿ ಒಳಗೆ ನೋಡಿದರು. ಅರ್ಧಕ್ಕಿಂತ ಕಡಿಮೆ ಇತ್ತು.

“ಬಾಣಂತಿ ಉಂಡಿ ತಿಂದೆಲ್ಲ ತಮ್ಮಾ,” ಎಂದರು. “ಸೊಂಟ ಗಟ್ಟಿ ಆತೇನು?”

ರಘೋತ್ತಮ ಪೆಡಲಿನಿಂದ ಕಾಲು ತೆಗೆದ. “ನಾನು ಹೋಗಲೇ ಇಲ್ಲಮ್ಮಾ. ನನಗೆ ಕಾರ್ಡೂ ಬಂದಿಲ್ಲ. ಹೋದ್ರೆ ವಾಪಸ್ ಬರೋಕಾಗುತ್ತೋ ಇಲ್ವೋ ಅಂತ ಹೆದರಿಕೆ. ಅದಕ್ಕೇ ಇಲ್ಲೇ…” ಟಿ.ವಿ.ಯ ಕಡೆ ಕೈ ತೋರಿಸಿದ.

ಈಗ ಬಯ್ಯುತ್ತಾರೆ ಎಂದು ನಾನು ಕಾಫಿ ಲೋಟ ಭದ್ರವಾಗಿ ಹಿಡಿದುಕೊಂಡೆ. ಅವರು ಬಯ್ಯಲಿಲ್ಲ. ಟಿ.ವಿ.ಯ ಕಡೆಯೇ ನೋಡುತ್ತಿದ್ದರು.

“ಇದು ಆಕಿ ಊರ ದಾರಿ ಏನು?”

“ಹೌದಮ್ಮಾ. ಇನ್ನು ಸ್ವಲ್ಪ ಮುಂದೆ ಸೇತುವೆ.”

ಬಂಗಾರೆವ್ವ ಸ್ಟ್ರೋಲರಿನ ಬ್ರೇಕು ಹಾಕಿದರು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲು ಎಳೆದು ಸೈಕಲ್ಲಿನ ಹಿಂದೆ, ಕ್ಯಾರಿಯರ್ ಇರಬೇಕಾದ ಜಾಗದಲ್ಲಿ ಇಟ್ಟು ಕೂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಹೊಡಿ,” ಎಂದರು.

ರಘೋತ್ತಮ ತುಳಿದ. ಗುಡ್ಡಗಳು ಬಂದವು, ಕುರಿಗಳು ಬಂದವು. “ಸಾವಕಾಶ ಹೋಗಪಾ, ಕುರಿ ಅದಾವ,” ಎಂದು ಹಿಂದಿನಿಂದ ಸೂಚನೆ. ಟೀ ಅಂಗಡಿ ದಾಟಿತು. ಏರಿನಲ್ಲಿ ಅವನು ಏದುಸಿರು ಬಿಟ್ಟಾಗ ಅವರೇ ಒಂದು ಉಂಡೆ ಕೈಗಿತ್ತರು. “ಹೆಂಗೂ ತಿಂದೀದಿ. ಇದನ್ನೂ ತಿನ್ನು, ದಿಬ್ಬ ಐತಿ.” ಕಲ್ಲಿನ ಸೇತುವೆ ಬಂತು. “ನಿಲ್ಲಸು!” ಎಂದರು. ಚಿತ್ರ ನಿಂತಿತು. ಕೆಳಗೆ ಬಿಸಿಲಿನಲ್ಲಿ ಇಟ್ಟಿಗೆ ಮನೆಗಳ ಸಾಲು, ಸಣ್ಣ ಸಣ್ಣ ಕಿಟಕಿಗಳು.

ಅವರು ಸೊಂಟದ ಚೀಲದಿಂದ ಫೋನು ತೆಗೆದು ಮಗಳಿಗೆ ಮಾಡಿದರು. ಅಲ್ಲಿ ಆಗ ಮಧ್ಯಾಹ್ನ ಕಳೆದು ಸಂಜೆಯಾಗುತ್ತಿತ್ತು.

“ಶಿವಾನಿ, ಕಿಟಕಿ ಕಡೆ ಬಾ.”

“ಯಾಕ ಅವ್ವಾ? ಏನಾತು?”

“ಬಾ ಅಂದ್ರ ಬಾ. ಸೇತುವಿ ಕಾಣತೈತೇನು?”

“ಕಾಣತೈತಿ. ಮಳಿ ಹತ್ತೇತಿ. ಯಾರೂ ಇಲ್ಲ.”

“ಇದ್ದೀನಿ,” ಎಂದರು ಬಂಗಾರೆವ್ವ. “ಸೇತುವಿ ಮ್ಯಾಲನ ಅದೀನಿ ನಾ. ಇಲ್ಲೆ ಬಿಸಲ ಬಿದ್ದೈತಿ.”

ಆ ಕಡೆ ಕಿಟಕಿ ತೆರೆದ ಸದ್ದಾಯಿತು. ಆಮೇಲೆ ಶಿವಾನಿಯ ದನಿ, ಸಣ್ಣಗೆ: “ಅವ್ವಾ, ತಡಿ. ಕೂಸಿನ್ನ ಎತ್ತಿ ತೋರಸ್ತೀನಿ.”

ಇಂಗ್ಲೆಂಡಿನಲ್ಲಿ ಒಬ್ಬ ಬಾಣಂತಿ ಖಾಲಿ ಸೇತುವೆಗೆ ಮಗುವನ್ನು ಎತ್ತಿ ತೋರಿಸಿದಳು. ಫಾಸ್ಟರ್ ಸಿಟಿಯಲ್ಲಿ ಬಂಗಾರೆವ್ವ ಟಿ.ವಿ.ಯೊಳಗಿನ ಯಾವುದೋ ಕಿಟಕಿಗೆ ಕೈ ಬೀಸಿದರು. ರಘೋತ್ತಮ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವ ನೆಪದಲ್ಲಿ ಕಣ್ಣೊರೆಸಿಕೊಂಡ. ನಾನು ಕಾಫಿ ಕುಡಿದೆ. ಅದು ಎಂದೋ ಮುಗಿದಿತ್ತು.

ಸುದ್ದಿ ಕೂಟಕ್ಕೆಲ್ಲ ಹರಡಿತು. ಜಗಳ ಮಾಡಲು ಬಂದ ದೇವೇಂದ್ರಪ್ಪನವರು ಸೈಕಲ್ ಏರಿ ಟೀ ಅಂಗಡಿಯವರೆಗೆ ಹೋಗಿ, ಉಸಿರು ಸಾಲದೆ ಇಳಿದು ಕ್ಷಮಿಸಿದರು. ಗುರುಕಿರಣ ಮಾತ್ರ ಎರಡು ದಿನ ಮುಖ ಕೊಡಲಿಲ್ಲ. ಮೂರನೆಯ ದಿನ ಬಂದು, “ಸರ, ನಿಮಗ ಬಂದಿಲ್ಲ ಅಂದ್ರ ಇಬ್ಬರೂ ಕೂಡೇ ಇದ್ದೀವಿ ಬಿಡ್ರಿ,” ಎಂದು ಹೋದ.

ಮಗಳಿಗೆ ಉಂಡೆ ಮುಟ್ಟಿಸುವ ಪ್ರಶ್ನೆ ಹಾಗೇ ಉಳಿದಿತ್ತು. ಒಂದು ಬೆಳಿಗ್ಗೆ ಬಂಗಾರೆವ್ವ ಸ್ಟೂಲಿನಿಂದ ನನ್ನ ಕಡೆ ತಿರುಗಿದರು. “ನಿಮಗರ ಕಾರ್ಡು ಐತೇನ್ರೀ, ಅನಂತಪದ್ಮನಾಭ ಅವರ?”

“ಕಾರ್ಡೇನು, ಅಮೆರಿಕದ ಪಾಸ್‌ಪೋರ್ಟೇ ಇದೆಯಮ್ಮಾ. ಮುಂದಿನ ವಾರ ಲಂಡನ್ನಿಗೆ ಆಫೀಸ್ ಮೀಟಿಂಗೂ ಇದೆ,” ಎಂದು ಎದೆಯುಬ್ಬಿಸಿ ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸಂಜೆಯೊಳಗೆ ಹೊಸ ಉಂಡೆ ತುಂಬಿದ ಡಬ್ಬ ನನ್ನ ಮನೆಗೆ ಬಂತು.

ಹೀಗೆ ಜನ್ಮದಲ್ಲಿ ಸೈಕಲ್ಲಿನ ಆಸೆ ಪಡದ ನಾನು, ಮೀಟಿಂಗು ಮುಗಿಸಿ ರೈಲು ಹಿಡಿದು, ಡರ್ಬಿಶೈರಿನ ಜಿಟಿಜಿಟಿ ಮಳೆಯಲ್ಲಿ ಬಾಡಿಗೆ ಸೈಕಲ್ ತುಳಿದೆ. ಹ್ಯಾಂಡಲಿಗೆ ಫೋನು ಕಟ್ಟಿದ್ದೆ. ಅದರೊಳಗೆ ರಘೋತ್ತಮ ಗ್ಯಾರೇಜಿನಲ್ಲಿ ನನ್ನ ಜೊತೆಗೇ ತುಳಿಯುತ್ತಿದ್ದ, ಹಿಂದೆ ಬಂಗಾರೆವ್ವ. “ಗೇಟು ಬರುತ್ತೆ, ಎಡಕ್ಕೆ ಹಿಡ್ಕೋ,” ಎನ್ನುತ್ತಿದ್ದ. ಗೇಟು ಬರುತ್ತಿತ್ತು. ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ಕೆಳಗಿನ ಒಂದು ಕಿಟಕಿಯಲ್ಲಿ ಮಗುವನ್ನು ಎತ್ತಿಕೊಂಡ ಹೆಣ್ಣುಮಗಳು. ಇಳಿದು ಹೋಗಿ ಡಬ್ಬ ಕೊಟ್ಟೆ. ಬಾಗಿಲಲ್ಲೇ ಒಂದು ಉಂಡೆ ಬಾಯಿಗಿಟ್ಟುಕೊಂಡಳು. “ಬೆಲ್ಲ ಬರೋಬರಿ ಆಗೇತೇನು?” ಎಂದು ಫೋನು ಕೇಳಿತು. ಅವಳು ತಲೆಯಾಡಿಸಿದಳು. “ದಿನಕ್ಕೊಂದ ತಿನ್ನು. ಯಾರಿಗೂ ಕೊಡಬ್ಯಾಡ. ಸೈಕಲ್‌ನವ್ರಿಗಂತೂ ಕೊಡಬ್ಯಾಡ,” ಎಂದಿತು ಫೋನು.

ಮತ್ತೆ ಸೇತುವೆ ಹತ್ತಿ ಸೈಕಲ್ ತಿರುಗಿಸುವಾಗ ರಘೋತ್ತಮ ಕೂಗಿದ. “ಎಲ್ಲಿಗೋ?”

“ವಾಪಸ್. ಸೈಕಲ್ ಕೊಡಬೇಕಲ್ಲ.”

“ಮುಂದೆ ಸುರಂಗ ಇದೆ ಅನಂತು.” ಅವನ ದನಿ ಬದಲಾಗಿತ್ತು. “ಆಚೆ ಏನಿದೆ ಅಂತ ಒಂದ್ಸಲ ನೋಡ್ಕೊಂಡು ಬಾರೋ.”

ಹೋದೆ. ಸುರಂಗದೊಳಗೆ ಹೋಗುತ್ತಲೇ ಸಿಗ್ನಲ್ ಕಡಿದು ಫೋನು ಆರಿತು. ಕತ್ತಲಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಾ ತುಳಿದು, ಆಚೆಯ ಬೆಳಕಿಗೆ ಬಂದು ನಿಂತೆ. ಅಲ್ಲಿದ್ದದ್ದನ್ನು ಕಂಡು ನನ್ನಂಥ ಒಣ ಮನುಷ್ಯನೂ ಸೈಕಲ್ಲಿನಿಂದ ಇಳಿದು ಹೆಲ್ಮೆಟ್ಟು ತೆಗೆದ. ಚಿತ್ರ ತೆಗೆಯೋಣವೆಂದು ಫೋನು ಎತ್ತಿದೆ. ಆಮೇಲೆ ಯಾಕೋ ಜೇಬಿಗೆ ಹಾಕಿಕೊಂಡೆ.

ಸೇತುವೆಗೆ ಮರಳಿದಾಗ ಕರೆ ಕಾಯುತ್ತಿತ್ತು.

“ಏನಿತ್ತೋ ಆಚೆ?”

“ಹೇಳಲ್ಲ. ನೀನೇ ಬಂದು ನೋಡು.”

ಅವನು ಬಯ್ಯುತ್ತಾನೆಂದುಕೊಂಡೆ. ಫೋನಿನಲ್ಲಿ ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುವುದು ಕಾಣಿಸಿತು.

“ಹೌದು, ಹೇಳ್ಬೇಡ,” ಅಂದ ಕೊನೆಗೆ. ಹಿಂದಿನಿಂದ ಬಂಗಾರೆವ್ವ “ಹೊಡಿ ತಮ್ಮಾ,” ಎಂದರು. ಪೆಡಲು ತುಳಿಯುವ ಸದ್ದು ಮತ್ತೆ ಶುರುವಾಯಿತು.